ಗಾಲ್ಫ್ ಕ್ಲಬ್ ಹಿಡಿಯುವುದು ಹೇಗೆ: ಯಾವ ಹಿಡಿತ ಯಾರ ಕೈಗೆ?

ಗಾಲ್ಫ್ ಕಲಿಯಲು ಶುರು ಮಾಡಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. "ಓವರ್‌ಲ್ಯಾಪ್ ಒಳ್ಳೆಯದಾ, ಇಂಟರ್‌ಲಾಕ್ ಒಳ್ಳೆಯದಾ?" ಎರಡು ಕೈಯ ಬೆರಳುಗಳನ್ನು ಸೇರಿಸಿ ಹಿಡಿಯುವ ಎರಡು ಬಗೆ ಇವು. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ, ಅದಕ್ಕೂ ಮೊದಲು ಇನ್ನೆರಡು ವಿಷಯ ನೋಡಿಕೊಳ್ಳಿ ಅನ್ನುತ್ತೇನೆ. ಕ್ಲಬ್ ನಿಮ್ಮ ಅಂಗೈಯಲ್ಲಿ ಕೂತಿದೆಯೋ ಬೆರಳುಗಳಲ್ಲಿ ಕೂತಿದೆಯೋ, ಅದು ಮೊದಲನೆಯದು. ಕೈ ಎಷ್ಟು ತಿರುಗಿದೆ ಅನ್ನುವುದು ಎರಡನೆಯದು. ಎರಡು ಕೈಯ ಬೆರಳುಗಳು ಹೇಗೆ ಸೇರುತ್ತವೆ ಅನ್ನುವ ಮಾತು ಆಮೇಲೆ ಬರಲಿ. ಹೆಚ್ಚಿನವರು ಈ ಮೂರನೆಯದರಲ್ಲೇ ಸಿಕ್ಕಿಹಾಕಿಕೊಂಡು, ಮೊದಲೆರಡನ್ನು ನೋಡುವುದೇ ಇಲ್ಲ.

ಹಿಡಿತಕ್ಕೆ ಇಷ್ಟೊಂದು ಮಹತ್ವ ಯಾಕೆ? ಇಡೀ ಮೈಯಲ್ಲಿ ಕ್ಲಬ್ಬನ್ನು ಮುಟ್ಟುವುದು ಕೈ ಮಾತ್ರ. ಕ್ಲಬ್ಬಿನ ತಲೆಯೂ ಚೆಂಡೂ ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಆ ಗಳಿಗೆಯಲ್ಲಿ ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಯಾವ ಕಡೆ ನೋಡುತ್ತಿದೆಯೋ, ಚೆಂಡು ಹೆಚ್ಚುಕಡಿಮೆ ಆ ಕಡೆಗೇ ಹೊರಡುತ್ತದೆ. ಲೆಕ್ಕ ಹಾಕಿ ನೋಡಿ. 200 ಗಜದ ಹೊಡೆತದಲ್ಲಿ ದಿಕ್ಕು 1 ಡಿಗ್ರಿ ತಪ್ಪಿದರೆ ಚೆಂಡು ಸುಮಾರು ಮೂರೂವರೆ ಗಜ ಪಕ್ಕಕ್ಕೆ ಬೀಳುತ್ತದೆ. 5 ಡಿಗ್ರಿ ತಪ್ಪಿದರೆ ಹದಿನೇಳು ಗಜ ದಾಟುತ್ತದೆ. ಗಾಳಿಯಲ್ಲಿ ಚೆಂಡು ಬಾಗುವುದು ಇದರ ಮೇಲೆ ಬೇರೆ. ಆ ಕೆಲವು ಡಿಗ್ರಿಗಳನ್ನು ಸ್ವಿಂಗ್ (ಕ್ಲಬ್ ಬೀಸುವುದು) ಶುರುವಾಗುವ ಮೊದಲೇ ತೀರ್ಮಾನಿಸುವುದು ನಿಮ್ಮ ಹಿಡಿತ.

ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು. ಎಡಗೈ ಆಟಗಾರರು ಎಡ ಬಲ ಅದಲುಬದಲು ಮಾಡಿ ಓದಿಕೊಳ್ಳಿ.

ಅಂಗೈಯೋ, ಬೆರಳುಗಳೋ?

ತುಂಬಿದ ಬಕೆಟ್ ಎತ್ತುವಾಗ ಅದರ ಹಿಡಿ ಎಲ್ಲಿ ಕೂರುತ್ತದೆ? ಬೆರಳುಗಳ ಬುಡದಲ್ಲಿ, ಅಲ್ವಾ? ಹಿಡಿಯನ್ನು ಅಂಗೈ ನಡುವೆ ಇಟ್ಟು ಬಕೆಟ್ ಎತ್ತುವವರನ್ನು ನಾನು ನೋಡಿಲ್ಲ. ಗಾಲ್ಫ್ ಕ್ಲಬ್ಬಿಗೂ ಎಡಗೈಯಲ್ಲಿ ಜಾಗ ಅದೇ. ತೋರುಬೆರಳಿನ ನಡುವಿನ ಗೆಣ್ಣಿನಿಂದ ಕಿರುಬೆರಳಿನ ಬುಡದವರೆಗೆ ಕ್ಲಬ್ ಓರೆಯಾಗಿ ಮಲಗಬೇಕು. ಕಿರುಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ, ಅಂಗೈಯ ದಪ್ಪ ಭಾಗ ಇದೆಯಲ್ಲ, ಅದು ಮೇಲಿನಿಂದ ಬಂದು ಕೂರಬೇಕು.

ಸರಿಯಾಗಿದೆಯಾ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಎಡಗೈಯಲ್ಲಿ ಕ್ಲಬ್ ಹಿಡಿದು, ತೋರುಬೆರಳನ್ನು ಕೊಕ್ಕೆಯ ಹಾಗೆ ಬಾಗಿಸಿ, ಉಳಿದ ಮೂರು ಬೆರಳು ಮತ್ತು ಹೆಬ್ಬೆರಳನ್ನು ಬಿಟ್ಟುಬಿಡಿ. ಆ ಕೊಕ್ಕೆ ಮತ್ತು ಅಂಗೈಯ ದಪ್ಪ ಭಾಗ, ಇವೆರಡರ ಬಲದಲ್ಲೇ ಕ್ಲಬ್ ಗಾಳಿಯಲ್ಲಿ ನಿಂತರೆ ಹಿಡಿತ ಬೆರಳುಗಳಲ್ಲಿದೆ. ಜಾರಿ ಬಿದ್ದರೆ ಅಂಗೈಯಲ್ಲಿದೆ.

ಅಂಗೈ ಹಿಡಿತ ಮೊದಮೊದಲು ಗಟ್ಟಿ ಅನಿಸುತ್ತದೆ. ಅದಕ್ಕೇ ಹೊಸಬರು ಅದನ್ನು ಇಷ್ಟಪಡುತ್ತಾರೆ. ಆದರೆ ಅದು ಮಣಿಕಟ್ಟನ್ನು ಕಟ್ಟಿಹಾಕುತ್ತದೆ. ಹಿಂದಕ್ಕೆ ಎತ್ತುವಾಗ ಮಣಿಕಟ್ಟು ಮಡಚದಿದ್ದರೆ ಕ್ಲಬ್ಬಿನ ತಲೆಗೆ ವೇಗ ಬರುವುದಿಲ್ಲ. ಕೆಳಗೆ ಬರುವಾಗ ಫೇಸ್ ನೇರಕ್ಕೆ ಬರುವುದೂ ಕಷ್ಟ. ಜೋರಾಗಿ ಬೀಸಿದರೂ ದೂರ ಹೋಗುತ್ತಿಲ್ಲ, ಜೊತೆಗೆ ಚೆಂಡು ಬಲಕ್ಕೆ ಬಾಗುತ್ತಿದೆ ಅಂತ ದೂರುವವರ ಕೈಯನ್ನು ನಾನು ಮೊದಲು ನೋಡುತ್ತೇನೆ. ತುಂಬಾ ಸಲ ಕಾರಣ ಅಲ್ಲೇ ಸಿಗುತ್ತದೆ. ನಿಮ್ಮ ಗ್ಲೌಸನ್ನೂ ನೋಡಿ. ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಬೇಗ ತೂತು ಬೀಳುತ್ತಿದೆಯಾ? ಹಾಗಿದ್ದರೆ ಪ್ರತಿ ಹೊಡೆತದಲ್ಲೂ ಕ್ಲಬ್ ಅಲ್ಲಿ ಜಾರಿ ಉಜ್ಜುತ್ತಿದೆ.

ಈ ಆಯ್ಕೆಯಲ್ಲಿ ನನಗೆ ಅನುಮಾನವಿಲ್ಲ. ಪೂರ್ತಿ ಸ್ವಿಂಗಿಗೆ ಬೆರಳುಗಳೇ. ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಮಾತ್ರ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸ್ಟ್ರಾಂಗ್, ನ್ಯೂಟ್ರಲ್, ವೀಕ್

ಈ ಹೆಸರುಗಳು ತುಂಬಾ ಜನರನ್ನು ದಾರಿ ತಪ್ಪಿಸಿವೆ. ಸ್ಟ್ರಾಂಗ್ ಅಂದರೆ ಬಿಗಿಯಾಗಿ ಹಿಡಿಯುವುದು ಅಂದುಕೊಳ್ಳುತ್ತಾರೆ. ಬಿಗಿಗೂ ಇದಕ್ಕೂ ಸಂಬಂಧವಿಲ್ಲ. ಕೈಗಳು ಕ್ಲಬ್ಬಿನ ಮೇಲೆ ಎಷ್ಟು ಬಲಕ್ಕೆ ಅಥವಾ ಎಡಕ್ಕೆ ತಿರುಗಿವೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಚೆಂಡಿನ ಮುಂದೆ ನಿಂತು ನಿಮ್ಮ ಎಡಗೈಯನ್ನು ಮೇಲಿನಿಂದ ನೋಡಿ. ಬೆರಳುಗಳ ಬುಡದ ಗೆಣ್ಣುಗಳು ಎಷ್ಟು ಕಾಣುತ್ತವೆ? ಎರಡು, ಎರಡೂವರೆ ಕಂಡರೆ ನ್ಯೂಟ್ರಲ್. ಮೂರು ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಸ್ಟ್ರಾಂಗ್. ಒಂದೇ ಕಂಡರೆ, ಅಥವಾ ಒಂದೂ ಕಾಣದಿದ್ದರೆ ವೀಕ್. ಇನ್ನೊಂದು ಗುರುತೂ ಇದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಒಂದು ಗೆರೆ ಮೂಡುತ್ತದೆ. ನ್ಯೂಟ್ರಲ್ ಹಿಡಿತದಲ್ಲಿ ಅದು ಗಲ್ಲ ಮತ್ತು ಬಲಭುಜದ ನಡುವೆ ಎಲ್ಲೋ ತೋರಿಸುತ್ತದೆ. ಸ್ಟ್ರಾಂಗ್ ಆದರೆ ಬಲಭುಜದ ಆಚೆಗೆ, ವೀಕ್ ಆದರೆ ಗಲ್ಲಕ್ಕೆ ಅಥವಾ ಎಡಭುಜದ ಕಡೆಗೆ.

ಇದು ಚೆಂಡನ್ನು ಬಾಗಿಸುವುದು ಹೇಗೆ? ನೇರವಾಗಿ ನಿಂತು ಎಡಗೈಯನ್ನು ಸುಮ್ನೆ ಇಳಿಬಿಡಿ. ಅಂಗೈ ಪೂರ್ತಿ ತೊಡೆಗೆ ಮುಖ ಮಾಡುವುದಿಲ್ಲ, ಸ್ವಲ್ಪ ಹಿಂದಕ್ಕೆ ತಿರುಗಿರುತ್ತದೆ. ಸ್ವಿಂಗ್ ವೇಗವಾಗಿ ಕೆಳಗೆ ಬರುವಾಗ ಕೈ ಈ ಸಹಜ ಜಾಗಕ್ಕೆ ಮರಳಲು ನೋಡುತ್ತದೆ. ಶುರುವಿನಲ್ಲಿ ನೀವು ಕೈಯನ್ನು ಎಡಕ್ಕೆ ತಿರುಗಿಸಿ ವೀಕ್ ಆಗಿ ಹಿಡಿದಿದ್ದರೆ, ಕೈ ಸಹಜ ಜಾಗಕ್ಕೆ ಮರಳುವಾಗ ಫೇಸ್ ಬಲಕ್ಕೆ ತೆರೆದುಕೊಳ್ಳುತ್ತದೆ. ಚೆಂಡು ಸ್ಲೈಸ್ ಆಗುತ್ತದೆ, ಅಂದರೆ ಬಲಕ್ಕೆ ಬಾಗುತ್ತದೆ. ತುಂಬಾ ಸ್ಟ್ರಾಂಗ್ ಆಗಿ ಹಿಡಿದಿದ್ದರೆ ಫೇಸ್ ಎಡಕ್ಕೆ ಮುಚ್ಚಿಕೊಂಡು ಚೆಂಡು ಹುಕ್ ಆಗುತ್ತದೆ, ಅಂದರೆ ಎಡಕ್ಕೆ ಬಾಗುತ್ತದೆ. ಇದು ಅರ್ಥವಾದ ಮೇಲೆ ನನ್ನ ಎಷ್ಟೋ ತಲೆನೋವು ಕಡಿಮೆಯಾಯಿತು. ಅದಕ್ಕೂ ಮೊದಲು ಸುಮಾರು ಎರಡು ವರ್ಷ ಭುಜ, ಸೊಂಟ, ಪಾದ ಎಲ್ಲವನ್ನೂ ತಿದ್ದಿದ್ದೆ. ಎಡಗೈಯಲ್ಲಿ ಕಾಣುತ್ತಿದ್ದದ್ದು ಒಂದೇ ಗೆಣ್ಣು. ಅದನ್ನು ನೋಡು ಅಂತ ನನಗೆ ಕಲಿಸಿದವರು ಯಾರೂ ಹೇಳಿರಲಿಲ್ಲ.

ಬೆನ್ ಹೋಗನ್ ಕಥೆಯನ್ನು ಇಲ್ಲಿ ಹೇಳಲೇಬೇಕು. ಒಂಬತ್ತು ಮೇಜರ್ (ಗಾಲ್ಫಿನ ಅತಿ ದೊಡ್ಡ ನಾಲ್ಕು ಪಂದ್ಯಾವಳಿಗಳು) ಗೆದ್ದ ಅಮೆರಿಕದ ಆಟಗಾರ ಅವರು. 1953ರ ಒಂದೇ ವರ್ಷದಲ್ಲಿ ಮಾಸ್ಟರ್ಸ್, ಯುಎಸ್ ಓಪನ್, ಬ್ರಿಟಿಷ್ ಓಪನ್ ಮೂರನ್ನೂ ಗೆದ್ದರು. ಅಂಥವರನ್ನು ಶುರುವಿನ ವರ್ಷಗಳಲ್ಲಿ ಕಾಡಿದ್ದು ಹುಕ್. ಅದನ್ನು ತಡೆಯಲು ಅವರು ಎಡಗೈಯನ್ನು ಎಡಕ್ಕೆ ತಿರುಗಿಸಿ ವೀಕ್ ಮಾಡಿಕೊಂಡರು. ಅದು ಅವರ ರೋಗಕ್ಕೆ ಅವರೇ ಕಂಡುಕೊಂಡ ಮದ್ದು. ಹೊಸದಾಗಿ ಆಡುವ ಹೆಚ್ಚಿನವರಿಗೆ ಇರುವುದು ಅದರ ಉಲ್ಟಾ ರೋಗ, ಸ್ಲೈಸ್. ಹೋಗನ್ ಅವರ ಹಿಡಿತವನ್ನು ಅವರು ಹಾಗೆಯೇ ನಕಲು ಮಾಡಿದರೆ ಸ್ಲೈಸ್ ಇನ್ನೂ ಹೆಚ್ಚುತ್ತದೆ. ದೊಡ್ಡ ಆಟಗಾರರ ಹಿಡಿತವನ್ನು ಮೆಚ್ಚಿ, ಆದರೆ ಅವರು ಯಾವ ತೊಂದರೆಗೆ ಅದನ್ನು ಆರಿಸಿಕೊಂಡರು ಅಂತಲೂ ಕೇಳಿ.

ಇತ್ತ ಸ್ಟ್ರಾಂಗ್ ಹಿಡಿತದಲ್ಲಿ ಗೆದ್ದವರೂ ಬೇಕಾದಷ್ಟು ಜನ ಇದ್ದಾರೆ. 1993ರ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ ಪಾಲ್ ಏಜಿಂಗರ್, 2001ರ ಬ್ರಿಟಿಷ್ ಓಪನ್ ಗೆದ್ದ ಡೇವಿಡ್ ಡುವಾಲ್ ಇಬ್ಬರದೂ ಕಣ್ಣಿಗೆ ಬೀಳುವಷ್ಟು ಸ್ಟ್ರಾಂಗ್. ಅವರು ಹುಕ್ ಆಗದ ಹಾಗೆ ಮೈಯನ್ನು ಬೇಗ ತಿರುಗಿಸಿ ಅದನ್ನು ಸರಿದೂಗಿಸುತ್ತಿದ್ದರು.

ನಿಮಗೆ ಯಾವುದು? ನಿಮ್ಮ ಚೆಂಡನ್ನೇ ಕೇಳಿ. ಬಲಕ್ಕೆ ಬಾಗುತ್ತಿದ್ದರೆ ಎರಡೂ ಕೈಗಳನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಮೂರು ಗೆಣ್ಣು ಕಾಣಲಿ. ಎಡಕ್ಕೆ ಬಾಗುತ್ತಿದ್ದರೆ ಎರಡಕ್ಕೆ ಇಳಿಸಿ. ಒಂದು ಸಲಕ್ಕೆ ಅರ್ಧ ಗೆಣ್ಣಿನಷ್ಟೇ ಬದಲಾವಣೆ ಸಾಕು. ಈಗಷ್ಟೇ ಕಲಿಯುತ್ತಿದ್ದೀರಿ, ಚೆಂಡು ಎತ್ತ ಹೋಗುತ್ತದೋ ಗೊತ್ತೇ ಇಲ್ಲ ಅಂದರೆ ನ್ಯೂಟ್ರಲ್‌ಗಿಂತ ತುಸು ಸ್ಟ್ರಾಂಗ್ ಕಡೆ ಶುರು ಮಾಡಿ. ಬಲಗೈಯೂ ಎಡಗೈಗೆ ಹೊಂದಬೇಕು ಅನ್ನುವುದನ್ನು ಮರೆಯಬೇಡಿ. ಎರಡೂ 'ವಿ' ಗೆರೆಗಳು ಒಂದೇ ದಿಕ್ಕಿಗೆ ತೋರಿಸಲಿ. ಎಡಗೈ ಸ್ಟ್ರಾಂಗ್, ಬಲಗೈ ವೀಕ್ ಆದರೆ ಒಂದು ಕೈ ಮಾಡಿದ್ದನ್ನು ಇನ್ನೊಂದು ಕೆಡಿಸುತ್ತದೆ.

ಬೆರಳುಗಳು ಸೇರುವ ಮೂರು ಬಗೆ

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಬರೋಣ.

ಓವರ್‌ಲ್ಯಾಪ್ ಹಿಡಿತದಲ್ಲಿ ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ನಡುವಿನ ಸಂದಿನ ಮೇಲೆ ಕೂರುತ್ತದೆ. ಇದಕ್ಕೆ ವಾರ್ಡನ್ ಹಿಡಿತ ಅಂತಲೂ ಹೆಸರು. ಬ್ರಿಟಿಷ್ ಓಪನ್ ಅನ್ನು 1896ರಿಂದ 1914ರ ನಡುವೆ ಆರು ಸಲ ಗೆದ್ದ ಹ್ಯಾರಿ ವಾರ್ಡನ್ ಇದನ್ನು ಜನಪ್ರಿಯ ಮಾಡಿದರು. ಆದರೆ ಅವರಿಗಿಂತ ಮೊದಲೇ ಸ್ಕಾಟ್ಲೆಂಡಿನ ಹವ್ಯಾಸಿ ಆಟಗಾರ ಜಾನಿ ಲೇಡ್ಲೇ ಹೀಗೆ ಹಿಡಿದು ಆಡುತ್ತಿದ್ದರು. ಹೆಸರು ಮಾತ್ರ ವಾರ್ಡನ್ ಅವರಿಗೆ ಹೋಯಿತು. ವೃತ್ತಿಪರ ಆಟಗಾರರಲ್ಲಿ ಈ ಹಿಡಿತವೇ ಜಾಸ್ತಿ. ಬಲಗೈಯ ಒಂದು ಬೆರಳು ಕ್ಲಬ್ಬಿನಿಂದ ಹೊರಗಿರುವುದರಿಂದ ಬಲಗೈಯ ಅಬ್ಬರ ಸ್ವಲ್ಪ ತಗ್ಗುತ್ತದೆ. ಉದ್ದ ಬೆರಳು, ದೊಡ್ಡ ಅಂಗೈ ಇದ್ದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೈ ಚಿಕ್ಕದಾದರೆ ಕಿರುಬೆರಳು ಪದೇಪದೇ ಜಾರುತ್ತದೆ. ಆ ಬೆರಳಿನ ಮೇಲೇ ಗಮನ ಹೋಗಿಬಿಡುತ್ತದೆ.

ಇಂಟರ್‌ಲಾಕ್‌ನಲ್ಲಿ ಬಲಗೈಯ ಕಿರುಬೆರಳು ಮತ್ತು ಎಡಗೈಯ ತೋರುಬೆರಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. 18 ಮೇಜರ್ ಗೆದ್ದ ಜಾಕ್ ನಿಕ್ಲಾಸ್, 15 ಗೆದ್ದ ಟೈಗರ್ ವುಡ್ಸ್ ಇಬ್ಬರೂ ಆಡಿದ್ದು ಹೀಗೆಯೇ. ರೋರಿ ಮೆಕ್‌ಇಲ್ರಾಯ್ ಕೂಡ. ನಿಕ್ಲಾಸ್ ಅವರ ಕೈಗಳು ಅಷ್ಟೇನೂ ದೊಡ್ಡವಲ್ಲ. ಚಿಕ್ಕ ಕೈ, ಗಿಡ್ಡ ಬೆರಳು ಇದ್ದವರಿಗೆ ಈ ಹೆಣಿಗೆ ಧೈರ್ಯ ಕೊಡುತ್ತದೆ. ಕೈಗಳು ಬೇರೆಬೇರೆ ಆಗುವುದಿಲ್ಲ, ಒಂದೇ ಕೈಯ ಹಾಗೆ ಓಡುತ್ತವೆ.

ಆದರೆ ಇದರಲ್ಲಿ ಒಂದು ಅಪಾಯ ಇದೆ, ಅದನ್ನು ಒತ್ತಿ ಹೇಳಬೇಕು. ಹೊಸಬರು ಬೆರಳುಗಳನ್ನು ಸಂದಿನ ಬುಡದವರೆಗೆ ತುರುಕುತ್ತಾರೆ, ನಮಸ್ಕಾರ ಮಾಡಿ ಬೆರಳು ಹೆಣೆದ ಹಾಗೆ. ಆಗ ಕ್ಲಬ್ ಬೆರಳುಗಳಿಂದ ಜಾರಿ ಅಂಗೈಗೆ ಬಂದುಬಿಡುತ್ತದೆ. ಮೇಲೆ ಹೇಳಿದ ಮೊದಲ ಆಯ್ಕೆಯೇ ಕೆಟ್ಟುಹೋಗುತ್ತದೆ. ಎಡಗೈಯನ್ನು ಮೊದಲು ಸರಿಯಾಗಿ ಕೂರಿಸಿ. ಆಮೇಲೆ ಬೆರಳುಗಳನ್ನು ಮೇಲುಮೇಲೆ, ಸಡಿಲವಾಗಿ ಹೆಣೆಯಿರಿ. ಒಂದು ರೌಂಡ್ ಮುಗಿಯುವಷ್ಟರಲ್ಲಿ ಕಿರುಬೆರಳು ನೋಯುತ್ತಿದ್ದರೆ ಹೆಣಿಗೆ ಆಳವಾಗಿದೆ ಅಂತಲೇ ಅರ್ಥ.

ಮೂರನೆಯದು ಹತ್ತು ಬೆರಳ ಹಿಡಿತ. ಬೇಸ್‌ಬಾಲ್ ಹಿಡಿತ ಅಂತ ಕರೆಯುವವರೂ ಇದ್ದಾರೆ. ಹತ್ತೂ ಬೆರಳು ಕ್ಲಬ್ಬಿನ ಮೇಲೆ, ಹೆಣಿಗೆ ಇಲ್ಲ. ಇದನ್ನು ಮಕ್ಕಳ ಹಿಡಿತ ಅಂತ ತಳ್ಳಿಹಾಕುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. 1959ರಲ್ಲಿ ಮಾಸ್ಟರ್ಸ್ ಗೆದ್ದ ಆರ್ಟ್ ವಾಲ್ ಹೀಗೆಯೇ ಹಿಡಿಯುತ್ತಿದ್ದರು. ಅದೇ ವರ್ಷ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ ಬಾಬ್ ರೋಸ್‌ಬರ್ಗ್ ಕೂಡ. ಒಂದೇ ವರ್ಷ ಎರಡು ಮೇಜರ್ ಈ ಹಿಡಿತಕ್ಕೆ ಬಂದವು. ಕೈಯಲ್ಲಿ ಬಲ ಕಡಿಮೆ ಇರುವವರಿಗೆ, ಬೆರಳುಗಳಲ್ಲಿ ಸಂಧಿವಾತ ಇರುವವರಿಗೆ, ಚಿಕ್ಕ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಇದರ ತೊಂದರೆ ಎಂದರೆ ಕೈಗಳ ನಡುವೆ ಜಾಗ ಬಿದ್ದುಬಿಡುತ್ತದೆ. ಬಲಗೈ ತನ್ನ ಪಾಡಿಗೆ ತಾನು ಹೊಡೆಯಲು ಹೋಗುತ್ತದೆ. ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿಗೆ ಒತ್ತಿಕೊಂಡೇ ಇರುವ ಹಾಗೆ ನೋಡಿಕೊಂಡರೆ ಅದು ಅಷ್ಟು ಕಾಡುವುದಿಲ್ಲ.

ಈ ಮೂರರಾಚೆಗೂ ದಾರಿಗಳಿವೆ. ಜಿಮ್ ಫ್ಯೂರಿಕ್ ಒಂದರ ಬದಲು ಎರಡು ಬೆರಳು ಮೇಲೆ ಕೂರಿಸುತ್ತಾರೆ. 2003ರ ಯುಎಸ್ ಓಪನ್ ಗೆದ್ದದ್ದು, 2016ರಲ್ಲಿ ಪಿಜಿಎ ಟೂರಿನಲ್ಲಿ ಒಂದು ರೌಂಡನ್ನು ಬರೀ 58 ಹೊಡೆತಗಳಲ್ಲಿ ಮುಗಿಸಿದ್ದು ಆ ಕೈಗಳೇ. ದಕ್ಷಿಣ ಆಫ್ರಿಕಾದ ಪಾಪ್ವಾ ಸೆವ್‌ಗೋಲಂ ಅವರದಂತೂ ಪೂರ್ತಿ ತಲೆಕೆಳಗು. ಬಲಗೈ ಆಟಗಾರರಾಗಿದ್ದೂ ಎಡಗೈಯನ್ನು ಬಲಗೈಗಿಂತ ಕೆಳಗೆ ಹಿಡಿಯುತ್ತಿದ್ದರು. ಭಾರತೀಯ ಮೂಲದ ಅವರು ಡಚ್ ಓಪನ್ ಅನ್ನು 1959, 1960 ಮತ್ತು 1964ರಲ್ಲಿ ಗೆದ್ದರು. 1963ರ ನಟಾಲ್ ಓಪನ್ ಗೆದ್ದಾಗ ವರ್ಣಭೇದದ ಕಾನೂನಿನಿಂದಾಗಿ ಕ್ಲಬ್‌ಹೌಸ್ ಒಳಗೆ ಬಿಡದೆ, ಹೊರಗೆ ಮಳೆಯಲ್ಲೇ ಟ್ರೋಫಿ ಕೊಟ್ಟರು. ಆ ಕೈಗಳನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಂತ ಹೊಸಬರಿಗೆ ಅದನ್ನು ಕಲಿಸುವುದೂ ಇಲ್ಲ. ಬಾಲ್ಯದಿಂದ ಹಾಗೆಯೇ ಬೆಳೆದ ಕೈಗಳವು.

ಆರಿಸಿಕೊಳ್ಳಲು ಒಂದು ದಾರಿ ಹೇಳುತ್ತೇನೆ. 7 ಐರನ್ (ಮಧ್ಯಮ ದೂರದ ಹೊಡೆತಕ್ಕೆ ಬಳಸುವ ಕ್ಲಬ್) ತೆಗೆದುಕೊಂಡು ಪ್ರತಿ ಹಿಡಿತದಲ್ಲೂ ಹತ್ತು ಚೆಂಡು ಹೊಡೆಯಿರಿ. ದೂರ ನೋಡಬೇಡಿ. ಹೊಡೆತ ಮುಗಿದ ಮೇಲೆ ಕೈಗಳು ಶುರುವಿನಲ್ಲಿದ್ದ ಹಾಗೆಯೇ ಇವೆಯಾ ಅಂತ ನೋಡಿ. ಯಾವ ಹಿಡಿತದಲ್ಲಿ ಕೈ ಕಡಿಮೆ ಕದಲುತ್ತದೋ, ನೋವಿಲ್ಲವೋ, ಅದು ನಿಮ್ಮದು. ಎರಡು ಸಮ ಅನಿಸಿದರೆ ಚಿಕ್ಕ ಕೈಯವರು ಇಂಟರ್‌ಲಾಕ್, ದೊಡ್ಡ ಕೈಯವರು ಓವರ್‌ಲ್ಯಾಪ್ ಇಟ್ಟುಕೊಳ್ಳಿ. ಆಮೇಲೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ಎಷ್ಟು ಬಿಗಿ, ಎಷ್ಟು ದಪ್ಪ

ಬಿಗಿಯ ಬಗ್ಗೆ ಅಮೆರಿಕದ ಹಳೆಯ ಆಟಗಾರ ಸ್ಯಾಮ್ ಸ್ನೀಡ್ ಹೇಳಿದರೆಂಬ ಮಾತು ಗಾಲ್ಫ್ ಆಡುವವರಿಗೆಲ್ಲ ಗೊತ್ತು. ಕೈಯಲ್ಲೊಂದು ಹಕ್ಕಿಮರಿ ಇದೆ ಅಂದುಕೊಳ್ಳಬೇಕು, ಅದಕ್ಕೆ ನೋಯಬಾರದು, ಅದು ಹಾರಿಹೋಗಲೂಬಾರದು. ಕೇಳಲು ಚೆಂದ. ಆದರೆ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಬೀಸುವಾಗ ಹಕ್ಕಿಮರಿಯ ಹದ ಉಳಿಯುವುದಿಲ್ಲ, ಕ್ಲಬ್ ವೇಗ ಪಡೆದಂತೆ ಕೈ ತಾನಾಗಿಯೇ ಬಿಗಿಯುತ್ತದೆ. ಹತ್ತರ ಅಳತೆಯಲ್ಲಿ ನಾಲ್ಕೈದರಲ್ಲಿ ಶುರು ಮಾಡಿ ಅನ್ನುವುದು ನನಗೆ ಹೆಚ್ಚು ಉಪಯೋಗವಾಗಿದೆ. ಎಡಗೈಯ ಕೊನೆಯ ಮೂರು ಬೆರಳು, ಬಲಗೈಯ ನಡುವಿನ ಎರಡು ಬೆರಳು, ಬಿಗಿ ಇರಬೇಕಾದದ್ದು ಇಲ್ಲಿ. ಬಲಗೈಯ ಹೆಬ್ಬೆರಳು, ತೋರುಬೆರಳು ಹಿಂಡಿದರೆ ಮುಂಗೈ ಕಲ್ಲಾಗುತ್ತದೆ. ಮಣಿಕಟ್ಟು ಮಡಚುವುದಿಲ್ಲ. ಒದ್ದೆ ಹುಲ್ಲಿನಿಂದ ಅಥವಾ ರಫ್‌ನಿಂದ (ಪಕ್ಕದಲ್ಲಿ ಉದ್ದ ಬೆಳೆದ ಹುಲ್ಲು) ಹೊಡೆಯುವಾಗ ಸ್ವಲ್ಪ ಜಾಸ್ತಿ ಬಿಗಿ ಬೇಕಾಗುತ್ತದೆ, ಅಷ್ಟೇ.

ಕ್ಲಬ್ಬಿನ ತುದಿಯನ್ನು ಅಂಗೈ ಒಳಗೆ ಮುಚ್ಚಿಕೊಳ್ಳಬೇಡಿ. ಒಂದು ಸೆಂಟಿಮೀಟರ್‌ನಷ್ಟಾದರೂ ಮೇಲೆ ಕಾಣಲಿ. ತುದಿ ಅಂಗೈಯ ಬುಡಕ್ಕೆ ಪದೇಪದೇ ಕುಟ್ಟಿದರೆ ಅಲ್ಲಿರುವ ಹ್ಯಾಮೇಟ್ ಅನ್ನುವ ಪುಟ್ಟ ಮೂಳೆಯ ಕೊಕ್ಕೆ ಮುರಿಯಬಹುದು. ಗಾಲ್ಫ್ ಆಡುವವರ ಎಡಗೈಯಲ್ಲಿ ವೈದ್ಯರು ನೋಡುವ ಗಾಯ ಇದು. ಆ ಜಾಗದಲ್ಲಿ ನೋವು ಉಳಿದರೆ ಆಡುವುದನ್ನು ನಿಲ್ಲಿಸಿ ತೋರಿಸಿಕೊಳ್ಳಿ.

ರಬ್ಬರ್ ಗ್ರಿಪ್ಪಿನ ದಪ್ಪವೂ ಒಂದು ಆಯ್ಕೆ. ತೆಳು, ಸ್ಟ್ಯಾಂಡರ್ಡ್, ಮಿಡ್‌ಸೈಜ್, ಜಂಬೊ ಅಂತ ಸಿಗುತ್ತವೆ. ಎಡಗೈಯಲ್ಲಿ ಹಿಡಿದಾಗ ನಡುಬೆರಳು ಮತ್ತು ಉಂಗುರಬೆರಳಿನ ತುದಿ ಹೆಬ್ಬೆರಳ ಬುಡದ ದಪ್ಪ ಭಾಗವನ್ನು ಸುಮ್ನೆ ತಾಗಿದರೆ ಅಳತೆ ಸರಿ. ಬೆರಳು ಅಲ್ಲಿ ಚುಚ್ಚುತ್ತಿದ್ದರೆ ತೆಳು, ತಾಗದೇ ದೂರ ಉಳಿದರೆ ದಪ್ಪ. ದಪ್ಪ ಗ್ರಿಪ್ ಹಾಕಿದರೆ ಹುಕ್ ಹೋಗುತ್ತದೆ, ತೆಳು ಹಾಕಿದರೆ ಸ್ಲೈಸ್ ಹೋಗುತ್ತದೆ ಅನ್ನುವ ಮಾತನ್ನು ನಂಬಿ ಹಣ ಖರ್ಚು ಮಾಡಬೇಡಿ. ಕೈಗೆ ಹೊಂದುವುದನ್ನು ಹಾಕಿಸಿ. ಸಂಧಿವಾತ ಇದ್ದವರಿಗೆ ದಪ್ಪ, ಮೆತ್ತನೆಯದು ನಿಜಕ್ಕೂ ಆರಾಮ ಕೊಡುತ್ತದೆ. ಗ್ರಿಪ್ ಹೊಳಪು ಬಂದು ಜಾರುತ್ತಿದ್ದರೆ ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆಯಿರಿ. ಆಗಲೂ ಜಾರಿದರೆ ಬದಲಾಯಿಸಿ. ಜಾರುವ ಗ್ರಿಪ್ ಹಿಡಿದು ಬಿಗಿ ಕಡಿಮೆ ಮಾಡಲು ಯಾರಿಂದಲೂ ಆಗದು. ಬೆರಳಿನ ಅಚ್ಚು ಇರುವ ಕಲಿಕೆಯ ಗ್ರಿಪ್‌ಗಳೂ ಇವೆ. ಮನೆಯಲ್ಲಿ ಅಭ್ಯಾಸಕ್ಕೆ ಅವು ಒಳ್ಳೆಯವು. ಆದರೆ ನಿಯಮದ ಪ್ರಕಾರ ಪಂದ್ಯದಲ್ಲಿ ಬಳಸುವ ಹಾಗಿಲ್ಲ.

ಪಟರ್ ಹಿಡಿಯುವಾಗ

ಇಲ್ಲಿ ಮಣಿಕಟ್ಟು ಮಡಚುವುದೇ ಬೇಡ. ಹಾಗಾಗಿ ಪೂರ್ತಿ ಸ್ವಿಂಗಿಗೆ ಕೆಟ್ಟದಾದ ಅಂಗೈ ಹಿಡಿತ ಪಟರ್‌ಗೆ ಸರಿಹೋಗುತ್ತದೆ. ಸಾಮಾನ್ಯವಾಗಿ ಎಡಗೈಯ ತೋರುಬೆರಳನ್ನು ಬಲಗೈಯ ಬೆರಳುಗಳ ಮೇಲೆ ಚಾಚಿ ಹಿಡಿಯುತ್ತಾರೆ. ಹತ್ತಿರದ ಪಟ್‌ಗಳಲ್ಲಿ ಎಡ ಮಣಿಕಟ್ಟು ಕುಸಿದು ಚೆಂಡು ಎಡಕ್ಕೆ ಹೋಗುತ್ತಿದ್ದರೆ ಎಡಗೈಯನ್ನು ಕೆಳಗಿಟ್ಟು ನೋಡಿ. ಬಲಗೈ ನಡುಗಿ ಕುಟುಕುತ್ತಿದ್ದರೆ ಬಲಗೈಯನ್ನು ಪೆನ್ಸಿಲ್ ಹಿಡಿದ ಹಾಗೆ ಇಡುವ ಕ್ಲಾ ಹಿಡಿತ ಇದೆ. ಉದ್ದ ಪಟರ್ ಇಷ್ಟವಾದರೆ ಅದನ್ನೂ ಬಳಸಬಹುದು. ಆದರೆ 2016ರ ಜನವರಿ 1ರಿಂದ ಅದನ್ನು ಮೈಗೆ ಒತ್ತಿ ಊರಿಕೊಂಡು ಹೊಡೆಯುವ ಹಾಗಿಲ್ಲ.

ಬದಲಾಯಿಸುವಾಗ

ಹೊಸ ಹಿಡಿತ ಮೊದಲು ವಿಚಿತ್ರ ಅನಿಸುತ್ತದೆ. ಚೆಂಡು ಮೊದಲಿಗಿಂತ ಕೆಟ್ಟದಾಗಿಯೂ ಹೋಗಬಹುದು. ಹಳೆಯ ಹಿಡಿತಕ್ಕೆ ಹೊಂದಿಕೊಂಡ ಸ್ವಿಂಗ್ ಇನ್ನೂ ಮೈಯಲ್ಲಿ ಇರುತ್ತದೆ. ಆದ್ದರಿಂದ ಬದಲಾಯಿಸಿದ ದಿನವೇ ಡ್ರೈವರ್ ಕೈಗೆ ತೆಗೆದುಕೊಳ್ಳಬೇಡಿ. ಒಂದು ವಾರ ಮನೆಯಲ್ಲಿ ಕೂತಾಗ ಕ್ಲಬ್ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ದಿನಕ್ಕೆ ಐದು ನಿಮಿಷ ಸಾಕು. ಆಮೇಲೆ ಚಿಕ್ಕ ಚಿಪ್‌ಗಳು, ಅಂದರೆ ಹತ್ತಿರಕ್ಕೆ ಮೆಲ್ಲಗೆ ಎತ್ತಿ ಹೊಡೆಯುವ ಹೊಡೆತಗಳು. ಅದರ ನಂತರ ಸೊಂಟದೆತ್ತರದ ಅರ್ಧ ಸ್ವಿಂಗ್. ಗ್ಲೌಸಿನ ಮೇಲೆ, ಕ್ಲಬ್ ಕೂರಬೇಕಾದ ಓರೆ ಗೆರೆಯನ್ನು ಪೆನ್ನಿನಲ್ಲಿ ಎಳೆದುಕೊಳ್ಳಿ. ಪ್ರತಿ ಚೆಂಡಿಗೂ ಎಡಗೈಯನ್ನು ಪೂರ್ತಿ ಬಿಟ್ಟು, ಆ ಗೆರೆ ನೋಡಿ, ಹೊಸದಾಗಿ ಹಿಡಿಯಿರಿ. ಗೆರೆ ಮಾಸಿದಾಗ ಮತ್ತೆ ಎಳೆಯಿರಿ. ನೋಡದೇ ಹಿಡಿದರೂ ಕ್ಲಬ್ ಆ ಜಾಗಕ್ಕೇ ಬಂದು ಕೂತ ದಿನ ಡ್ರೈವರ್ ತೆಗೆಯಿರಿ.